ಗೌರೀಶ್, ಮಧುಗಿರಿ

ಮಧುಗಿರಿಯ ಪೇಟೆ ಬೀದಿಯಲ್ಲಿರುವ ರೇಣುಕಯ್ಯನವರ ಪಾತ್ರೆ ಅಂಗಡಿಯಿಂದ ಹೆಸರಿಲ್ಲದ ಪಾತ್ರೆ ಹೊರಗೆ ಹೋಗುವುದು ಅಪರೂಪ. ಮದುವೆ ಉಡುಗೊರೆಗೆಂದು ಒಂದು ಲೋಟ ಕೊಂಡವರೂ ಹೆಸರು ಹಾಕಿಸಿಯೇ ಒಯ್ಯುತ್ತಾರೆ. ಗಂಡುಹೆಣ್ಣಿನ ಹೆಸರಲ್ಲ, ಕೊಟ್ಟವರ ಹೆಸರು. ಆ ಮನೆಯವರು ಇನ್ನು ಜೀವಮಾನವೆಲ್ಲ ನೀರು ಕುಡಿಯುವಾಗ ಯಾರ ಲೋಟದಲ್ಲಿ ಕುಡಿಯುತ್ತಿದ್ದೇವೆಂದು ಮರೆಯಬಾರದು. ದೇವಸ್ಥಾನದ ಟ್ಯೂಬ್‌ಲೈಟಿಗೂ ಇದೇ ನ್ಯಾಯ. ದಾನಿಯ ಹೆಸರು ಎಷ್ಟು ದಪ್ಪವೋ ಗರ್ಭಗುಡಿ ಅಷ್ಟು ಕತ್ತಲು.

ಅಂಗಡಿಯಲ್ಲಿ ಹೆಸರು ಹಾಕುವ ಕೆಲಸ ರೇಣುಕಯ್ಯನವರ ಹೆಂಡತಿ ಸರೋಜಮ್ಮನದು. ಕೈಯಲ್ಲಿ ಹಿಡಿಯುವ ಪುಟ್ಟ ಮಿಷನ್ ಗುಂಯ್ ಎಂದರೆ ಸ್ಟೀಲಿನ ಮೇಲೆ ಅಕ್ಷರ ಮೂಡುತ್ತದೆ. ಆಕೆಯ ಅಕ್ಷರ ದುಂಡಗೆ, ಒಂದರ ಹೆಗಲಿಗೆ ಒಂದು ತಾಗದಂತೆ ಇರುತ್ತದೆ. ಅವರಿಗಿದ್ದವನು ಒಬ್ಬನೇ ಮಗ, ಗೌರೀಶ್. ಅವನ ಊಟದ ಡಬ್ಬಿ, ನೀರಿನ ಬಾಟಲಿ, ಸ್ಕೂಟರಿನ ಕೀಲಿಕೈ, ಎಲ್ಲದರ ಮೇಲೂ ಆಕೆ ಅವನ ಹೆಸರು ಕೊರೆದಿದ್ದಳು. ಹಾಗಾಗಿ ಅವನ ಯಾವ ವಸ್ತುವೂ ಯಾವತ್ತೂ ಕಳೆದುಹೋಗಲಿಲ್ಲ. ಕಳೆದುಹೋದವನು ಅವನು.

ಐದು ವರ್ಷದ ಹಿಂದೆ ಒಳ್ಳೆಯ ಮಳೆಯಾಗಿ ಕಳ್ಳಂಬೆಳ್ಳದ ಕೆರೆ ಕೋಡಿ ಬಿದ್ದಿತ್ತು. ನೋಡಲು ಗೆಳೆಯರ ಜೊತೆ ಹೋದ ಗೌರೀಶ್ ತೂಬಿನ ಹತ್ತಿರ ಕಾಲು ಜಾರಿ ನೀರಿಗೆ ಬಿದ್ದ. ಈಜು ಬರುತ್ತಿರಲಿಲ್ಲ. ಏರಿಯ ಮೇಲೆ ಜನ ಸಾಲುಗಟ್ಟಿ ನಿಂತಿದ್ದರು. ದಡದಲ್ಲಿ ಒಂದು ತೆಪ್ಪವೂ ಇತ್ತು. ಅದು ಕೆರೆಯ ಮೀನು ಗುತ್ತಿಗೆ ಹಿಡಿದಿದ್ದ ಪ್ರಸನ್ನ ಕುಮಾರನದು. ಅವನು ಆ ತೆಪ್ಪವನ್ನು ಬೋರಲು ಹಾಕಿ ಅದರ ಮೇಲೆ ಕುಳಿತಿದ್ದ. ತೂಬಿನ ಸುತ್ತ ಹೊಸ ಬಲೆ ಬಿಟ್ಟಿದ್ದೇನೆ, ತೆಪ್ಪ ಹಾಯಿಸಿದರೆ ಹರಿಯುತ್ತದೆ, ಫೈರಿನವರು ಬರಲಿ ಎಂದ. ಫೈರಿನವರು ಬಂದರು, ಸಿರಾದಿಂದ, ಬರಬೇಕಾದಷ್ಟು ಹೊತ್ತು ತೆಗೆದುಕೊಂಡು. ಅಷ್ಟರಲ್ಲಿ ಹುಡುಕುವ ಅವಸರ ಯಾರಿಗೂ ಉಳಿದಿರಲಿಲ್ಲ. ಹೆಣ ತನಗೆ ಅನುಕೂಲವಾದಾಗ ತಾನೇ ತೇಲಿ ಬಂತು. ಬಲೆಗೆ ಏನೂ ಆಗಲಿಲ್ಲ.

ಈಗ ಅದೇ ಪ್ರಸನ್ನ ಕುಮಾರ ಅದೇ ಕೆರೆಯಲ್ಲಿ ಬೋಟಿಂಗ್ ನಡೆಸುತ್ತಾನೆ. ಕಯಾಕ್ ಎಂಬ ಉದ್ದನೆಯ ಪ್ಲಾಸ್ಟಿಕ್ ದೋಣಿಗಳನ್ನು ತಂದ. ಒಬ್ಬರೋ ಇಬ್ಬರೋ ಕಾಲು ಚಾಚಿ ಕುಳಿತು ಎರಡೂ ತುದಿಗೆ ಅಲಗಿರುವ ಹುಟ್ಟು ಹಾಕುವಂಥವು. ಆದರೆ ಇಪ್ಪತ್ತು ಲೈಫ್ ಜಾಕೆಟ್ ತೋರಿಸದೆ ಪರವಾನಗಿ ಸಿಗದು ಎಂದಾಯಿತು. ಯಾರಾದರೂ ದಾನಿಗಳು ಸಿಗುತ್ತಾರೆಯೇ ಎಂದು ಅವನು ಸಿರಾ, ಮಧುಗಿರಿಯ ವರ್ತಕರ ಬಳಿ ಸುತ್ತುತ್ತಿದ್ದ. ಸರೋಜಮ್ಮ ತಾನಾಗಿಯೇ ಹೇಳಿ ಕಳಿಸಿದಳು. ಇಪ್ಪತ್ತು ಜಾಕೆಟ್ಟು, ಹತ್ತು ಹುಟ್ಟು ನನ್ನ ಲೆಕ್ಕ. ಹೆಸರು ಮಾತ್ರ ನಾನು ಹೇಳಿದ್ದು ಇರಬೇಕು.

"ಅವನಿಗೆ ಯಾಕೆ ಕೊಡ್ತೀಯೆ? ಕೊಡೋದಿದ್ರೆ ಮಠಕ್ಕೆ ಕೊಡು, ಶಾಲೆಗೆ ಕೊಡು," ಎಂದರು ರೇಣುಕಯ್ಯ.

"ಮಠದೋರು ಬೀರುಗೆ ಹಾಕಿ ಬೀಗ ಹಾಕ್ತಾರೆ. ಇವನು ದಿನಾ ಕೈಯಲ್ಲಿ ಮುಟ್ಬೇಕು, ತೊಳೀಬೇಕು, ಒಣಗ್ಸಬೇಕು. ಬೆಳಗೆದ್ದು ಆ ಹೆಸರು ನೋಡ್ಲಿ."

ಇಂಥದ್ದಕ್ಕೂ ದಾನ ಎಂದೇ ಹೆಸರು. ಜಾಕೆಟ್ಟುಗಳ ಬೆನ್ನ ಮೇಲೆ ಬಿಳಿ ಬಣ್ಣದಲ್ಲಿ "ದಿ|| ಗೌರೀಶ್, ಮಧುಗಿರಿ, ಇವರ ಜ್ಞಾಪಕಾರ್ಥ" ಎಂದು ಬರೆಸಿ, ಕೆಳಗೆ ಅಂಗಡಿಯ ಫೋನ್ ನಂಬರನ್ನೂ ಹಾಕಿಸಿದಳು. ಹುಟ್ಟುಗಳ ಅಲ್ಯೂಮಿನಿಯಂ ಹಿಡಿಯ ಮೇಲೆ ಅದನ್ನೇ ತಾನೇ ಕೊರೆದಳು. ಪ್ರಸನ್ನ ಕುಮಾರ ಬಂದು ಓದಿದ. ಆಕೆ ಯಾರೆಂದು ಅವನಿಗೆ ಗೊತ್ತಿತ್ತು, ಅವನಿಗೆ ಗೊತ್ತಿದೆಯೆಂದು ಆಕೆಗೂ ಗೊತ್ತಿತ್ತು. ಕೈಮುಗಿದು, "ಪುಣ್ಯದ ಕೆಲ್ಸ ಅಮ್ಮಾವ್ರೆ," ಎಂದು ಟೆಂಪೋಗೆ ಹೇರಿಸಿಕೊಂಡು ಹೋದ. ಇಪ್ಪತ್ತು ಜಾಕೆಟ್ಟು ಬಿಟ್ಟಿ ಸಿಗುವಾಗ ಮರ್ಯಾದೆಯ ಪ್ರಶ್ನೆ ಎತ್ತುವ ಜಾಯಮಾನ ಅವನದಲ್ಲ.

ತೊಂದರೆ ಶುರುವಾದದ್ದು ಗಿರಾಕಿಗಳಿಂದ. ತುಮಕೂರಿನಿಂದ ಬಂದ ಹುಡುಗರು ಜಾಕೆಟ್ ತೊಟ್ಟು ಒಬ್ಬರ ಬೆನ್ನು ಒಬ್ಬರು ನೋಡಿಕೊಂಡರು.

"ಲೇ, ದಿವಂಗತ ಆಗ್ಬುಟ್ಟಿದ್ದೀಯಲ್ಲೋ."

"ನೀರಿಗೇ ಇಳಿದಿಲ್ಲ ಕಣ್ಲಾ, ಆಗ್ಲೇ ನನ್ ತಿಥಿ ಊಟಕ್ಕೆ ಎಲೆ ಹಾಸ್ತಾವ್ನೆ."

ಹುಡುಗರಾದರೋ ನಕ್ಕು ಇಳಿದರು. ಪಾವಗಡದ ಕಡೆಯಿಂದ ಸಂಸಾರ ಸಮೇತ ಬಂದವರಲ್ಲಿ ಒಬ್ಬ ಅಜ್ಜಿ ಜಾಕೆಟ್ಟನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, "ವದ್ದು ನಾಯ್ನಾ, ಬ್ಯಾಡ, ಸತ್ತೋರ ಹೆಸ್ರು ಬೆನ್ ಮ್ಯಾಲೆ ಏರಿಸ್ಕೊಂಡು ಯಾರಾನ ನೀರಿಗೆ ಇಳೀತಾರಾ," ಎಂದು ಇಡೀ ಸಂಸಾರವನ್ನು ವಾಪಸ್ ಕಾರಿಗೆ ಹತ್ತಿಸಿದಳು. ಮದುವೆಗೆ ಮುಂಚೆ ಫೋಟೊ ತೆಗೆಸಿಕೊಳ್ಳಲು ಬರುವ ಜೋಡಿಗಳಂತೂ ಓದಿದ ಕೂಡಲೇ ಬೆಳಕು ಸರಿಯಿಲ್ಲ ಎನ್ನತೊಡಗಿದರು.

ಪ್ರಸನ್ನ ಕುಮಾರ ಯೋಚಿಸಿದ. ಹೆಸರು ಅಳಿಸಿದರೆ ಆಕೆ ಬಂದು ಜಾಕೆಟ್ಟು ವಾಪಸ್ ಕೇಳಬಹುದು. ಆದರೆ ಹೆಸರಿನಿಂದ ಯಾರಿಗೂ ತೊಂದರೆಯಿಲ್ಲ, ತೊಂದರೆ ಇರುವುದು ಸಾವಿನಿಂದ. ಒಂದು ಡಬ್ಬ ಕಪ್ಪು ಬಣ್ಣ ತಂದು, ದೋಣಿ ಬಿಡುವ, ಕಟ್ಟಿಹಾಕುವ ಕೆಲಸದ ಅಡವಯ್ಯನ ಕೈಗೆ ಕುಂಚ ಕೊಟ್ಟ.

"ಇಲ್ಲಿ 'ದಿ' ಅಂತ ಐತಲ್ಲ, ಅದನ್ನ ಬಳಿ. ಇಲ್ಲಿ ಇವರ ಜ್ಞಾಪಕಾರ್ಥ, ಅದನ್ನೂ ಬಳಿ. ಹೆಸ್ರು ಮುಟ್ಬ್ಯಾಡ."

"ಅಂಗಾರೆ ಬದುಕ್ಬುಟ್ಟ ಅನ್ನು," ಎಂದ ಅಡವಯ್ಯ.

"ಬದುಕ್ಲಿ ಬುಡು. ನಮಗೇನ್ ಖರ್ಚು."

ಹುಟ್ಟುಗಳ ಹಿಡಿಗೆ ಟೇಪು ಸುತ್ತಿದರು. ಇಪ್ಪತ್ತು ಜಾಕೆಟ್ಟುಗಳ ಮೇಲೂ "ಗೌರೀಶ್, ಮಧುಗಿರಿ" ಮತ್ತು ಒಂದು ಫೋನ್ ನಂಬರ್ ಉಳಿಯಿತು. ಅದು ಯಾವುದೋ ಕಂಪನಿಯ ಹೆಸರೆಂದು ಜನ ತಿಳಿದರು. ವ್ಯಾಪಾರ ಚೇತರಿಸಿಕೊಂಡಿತು.

ಒಂದು ಸೋಮವಾರ ಬೆಳಿಗ್ಗೆ ಅಂಗಡಿಯ ಫೋನು ಹೊಡೆದುಕೊಂಡಿತು. ಸರೋಜಮ್ಮ ಎತ್ತಿದಳು. ಆ ಕಡೆಯವರು ತಾವು ಸಬ್‌ಇನ್‌ಸ್ಪೆಕ್ಟರ್ ಪ್ರಭುದೇವ್ ಎಂದು ಹೇಳಿಕೊಂಡರು. ಈಚೆಗೆ ವರ್ಗವಾಗಿ ಬಂದವರು, ದನಿಯಲ್ಲಿ ಮರ್ಯಾದೆ ಇತ್ತು.

"ಗೌರೀಶ್ ಅನ್ನೋರು ನಿಮ್ಮ ಮನೆಯವರಾ ಅಮ್ಮ?"

"ಹೌದು. ಮಗ."

"ಈಗ ಮನೇಲಿದಾರಾ?"

"ಇಲ್ಲ. ಈ ನಂಬರ್ ನಿಮಗೆ ಯಾರು ಕೊಟ್ರು?"

"ಕಳ್ಳಂಬೆಳ್ಳ ಕೆರೇಲಿ ಒಂದು ದೋಣಿ ಮಗುಚಿಕೊಂಡು ತೇಲ್ತಿದೆ. ಪಕ್ಕದಲ್ಲಿ ಬರೀ ಜಾಕೆಟ್ಟು. ಅದರ ಮೇಲೆ ಬರ್ದಿದೆ, ಗೌರೀಶ್, ಮಧುಗಿರಿ ಅಂತ."

"ಹೆಸರಿಗೆ ಮುಂಚೆ ಏನು ಬರ್ದಿದೆ?"

"ಮುಂಚೆ ಏನಿಲ್ಲ. ಕಪ್ಪು ಬಣ್ಣ ಬಳಿದಿದಾರೆ."

ಸರೋಜಮ್ಮ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿಕೊಂಡಳು. ಆ ತಡವನ್ನು ಪ್ರಭುದೇವ್ ತಾಯಿಯ ಆಘಾತವೆಂದು ತಿಳಿದು ಮೆಲ್ಲಗೆ ಕೇಳಿದರು.

"ಎಲ್ಲಿಗೆ ಹೋಗ್ತೀನಿ ಅಂತ ಹೇಳಿದ್ರು ಮನೇಲಿ?"

"ಕಳ್ಳಂಬೆಳ್ಳ ಕೆರೆಗೆ."

"ಈಜು ಬರುತ್ತಾ?"

"ಬರಲ್ಲ."

"ಜೊತೇಲಿ ಯಾರಾದ್ರೂ ಹೋಗಿದ್ರಾ?"

"ಫ್ರೆಂಡ್ಸು. ಅವರೆಲ್ಲ ವಾಪಸ್ ಬಂದ್ರು."

ಇದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಫೋನಿಟ್ಟಾಗ ರೇಣುಕಯ್ಯ ಯಾರೆಂದು ಕೇಳಿದರು.

"ಪೊಲೀಸು. ಗೌರೀಶನ್ನ ಹುಡುಕ್ತಿದಾರಂತೆ."

ರೇಣುಕಯ್ಯ ಕೈಯಲ್ಲಿದ್ದ ತಟ್ಟೆಯನ್ನು ಕೆಳಗಿಟ್ಟರು. "ಐದು ವರ್ಷ ಆಯ್ತು ಅಂತ ಹೇಳಬಾರದಿತ್ತೇನೆ?"

"ಕೇಳಿದ್ದಕ್ಕೆಲ್ಲ ಹೇಳಿದೆನಲ್ಲ," ಎಂದಳು ಸರೋಜಮ್ಮ. ಒಳಗೆ ಹೋಗಿ ಡಬ್ಬಿಗೆ ಚಿತ್ರಾನ್ನ ತುಂಬಿಕೊಂಡು ಸಿರಾ ಬಸ್ಸು ಹತ್ತಿದಳು.

ಆಕೆ ಕಳ್ಳಂಬೆಳ್ಳ ತಲುಪಿದಾಗ ಏರಿಯ ಮೇಲೆ ಐದು ವರ್ಷದ ಹಿಂದಿನಷ್ಟೇ ಜನ. ಆದರೆ ಈ ಸಲ ನೀರಿನಲ್ಲೂ ಜನ. ಫೈರಿನವರ ರಬ್ಬರ್ ದೋಣಿ, ಸುತ್ತಲ ಹಳ್ಳಿಗಳಿಂದ ಕರೆಯದೆಯೇ ಬಂದ ತೆಪ್ಪಗಳು, ಬೋಟಿಂಗಿನ ಕಯಾಕುಗಳು. ಬೋಟಿಂಗ್ ಬಂದಮೇಲೆ ಏರಿಯ ಉದ್ದಕ್ಕೂ ಚುರುಮುರಿ, ಕಬ್ಬಿನ ಹಾಲು, ಮೀನಿನ ಫ್ರೈ ಅಂಗಡಿಗಳು ಎದ್ದಿದ್ದವು. ಹೆಣ ಸಿಗುವವರೆಗೆ ಬೋಟಿಂಗ್ ಬಂದ್ ಎಂದು ಪ್ರಭುದೇವ್ ಹೇಳಿದ್ದೇ ತಡ, ಊರಿಗೆ ಊರೇ ಕರುಣೆಯಿಂದ ನೀರಿಗೆ ಇಳಿದಿತ್ತು. ಬಾವಿಗೆ ಬಿದ್ದ ಕೊಡ ಎತ್ತುವ ಪಾತಾಳಗರಡಿಗಳನ್ನು ಹಗ್ಗಕ್ಕೆ ಕಟ್ಟಿ ಎಲ್ಲ ಕಡೆ ಎಳೆಯುತ್ತಿದ್ದರು.

ಪ್ರಭುದೇವ್ ಆಕೆಗೆ ಪ್ಲಾಸ್ಟಿಕ್ ಕುರ್ಚಿ ಹಾಕಿಸಿ, ಕೊಡೆ ಹಿಡಿಸಿದರು. ಸರೋಜಮ್ಮ ಕುಳಿತು ನೀರನ್ನು ನೋಡಿದಳು. ಹೊಟ್ಟೆ ಹಸಿದಾಗ ಡಬ್ಬಿ ತೆರೆದಳು. ಹಿಂದೆ ನಿಂತಿದ್ದ ಹೆಂಗಸರು ದನಿ ತಗ್ಗಿಸುವ ಗೋಜಿಗೆ ಹೋಗಲಿಲ್ಲ.

"ಹೆತ್ತ ಹೊಟ್ಟೆ ನೋಡೇ, ಹೆಂಗ್ ತಿಂತಾ ಕುಂತವ್ಳೆ."

"ಕಡ್ಲೇಬೀಜ ಬೇರೆ ಹಾಕವ್ಳೆ ಕಣೇ."

ಸಿರಾಕ್ಕೆ ಸಾಮಾನು ತರಲು ಹೋಗಿದ್ದ ಪ್ರಸನ್ನ ಕುಮಾರ ಸುದ್ದಿ ತಿಳಿದು ಓಡಿಬಂದ. ಜನ, ಜೀಪು, ಕುರ್ಚಿ, ಕುರ್ಚಿಯಲ್ಲಿ ಸರೋಜಮ್ಮ. ಮೆಲ್ಲಗೆ ಬಂದು ಆಕೆಯ ಪಕ್ಕ ಕುಕ್ಕರುಗಾಲಿನಲ್ಲಿ ಕುಳಿತ.

"ಅಮ್ಮಾವ್ರೆ, ಸಾಯೇಬ್ರಿಗೆ ಒಂದ್ ಮಾತು ಹೇಳ್ಬುಡಿ."

"ಏನಂತ?"

"ಅದೇ, ಗೌರೀಶಪ್ಪೋರು ಇಲ್ಲ ಅಂತ."

"ಇಲ್ಲ ಅಂತಾನೇ ಹೇಳಿದೀನಿ."

"ಅಂಗಲ್ಲ ತಾಯಿ. ತೀರ್ಕೊಂಡವ್ರೆ ಅಂತ."

"ಅದನ್ನ ಜಾಕೆಟ್ ಮೇಲೇ ಬರ್ಸಿದ್ದೆನಲ್ಲಪ್ಪ. ಓದ್ಕೊಳ್ಳಲಿ."

ಪ್ರಸನ್ನ ಕುಮಾರ ತಿರುಗಿ ಪ್ರಭುದೇವ್ ಎಷ್ಟು ದೂರ ಇದ್ದಾರೆಂದು ನೋಡಿದ.

"ನೀನೇ ಹೇಳು, ಪ್ರಸನ್ನ. ನನಗಿಂತ ನೀನು ಹತ್ತಿರದಿಂದ ನೋಡಿದ್ದೆ."

ಅವನು ಹೇಳಬಹುದಿತ್ತು. ಆದರೆ ಗೌರೀಶ ಸತ್ತು ಐದು ವರ್ಷವಾಯಿತು ಎಂದರೆ ಪ್ರಭುದೇವ್ ಕೇಳುವ ಮುಂದಿನ ಪ್ರಶ್ನೆ, ಹಾಗಾದರೆ ಈ ಜಾಕೆಟ್ ತೊಟ್ಟವರು ಯಾರು? ಅದು ಅವನಿಗೆ ಗೊತ್ತಿರಲಿಲ್ಲ. ಇಪ್ಪತ್ತಕ್ಕೂ ಒಂದೇ ಹೆಸರು. ಯಾರು ಕೊಟ್ಟರು ಎಂದು ತಿಳಿಯುತ್ತಿತ್ತೇ ಹೊರತು ಯಾರು ತೊಟ್ಟರು ಎಂದು ತಿಳಿಯುವ ಗುರುತು ಯಾವುದರ ಮೇಲೂ ಇರಲಿಲ್ಲ. ಬೆಳಿಗ್ಗೆ ಬೇಗ ಬಂದವರಿಗೆ ದೋಣಿ ಕೊಟ್ಟದ್ದು ಅಡವಯ್ಯ. ಎಷ್ಟು ಜನ ಹೋದರು, ಎಷ್ಟು ಜನ ಬಂದರು ಎಂದರೆ ಅಡವಯ್ಯ ತಲೆ ಕೆರೆದುಕೊಳ್ಳುತ್ತಿದ್ದ. ಅದಕ್ಕೇ ಅವನೂ ಬಣ್ಣ ಬಳಿದ ವಿಷಯ ಎತ್ತಿರಲಿಲ್ಲ. ನಿಜಕ್ಕೂ ಯಾರೋ ಮುಳುಗಿರಬಹುದು. ಮುಳುಗಿದವನು ಗೌರೀಶನಾಗಿರುವವರೆಗೆ ಅವನ ತಾಯಿ ತಣ್ಣಗೆ ಕುಳಿತು ಚಿತ್ರಾನ್ನ ತಿನ್ನುತ್ತಿರುತ್ತಾಳೆ. ಬೇರೆಯವನಾದರೆ ಬೇರೆ ತಾಯಿ ಬರುತ್ತಾಳೆ. ಪ್ರಸನ್ನ ಕುಮಾರ ಬಾಯಿ ಮುಚ್ಚಿಕೊಂಡ.

"ಏನ್ರೀ ಅಲ್ಲಿ ಪಿಸಪಿಸ?" ಎಂದರು ಪ್ರಭುದೇವ್. "ನಿಮ್ಮ ಬೋಟು ತಾನೆ? ನೀವೂ ಇಳೀರಿ ನೀರಿಗೆ. ತೂಬಿನ ಹತ್ರ ಬಲೆ ಯಾರದ್ದು?"

"ನಂದೇ ಸಾರ್. ಮೀನಿಂದೂ ಗುತ್ತಿಗೆ ನಂದೇ."

"ಕುಯ್ದು ತೆಗೀರಿ."

"ಸಾರ್, ಹೊಸಾ ಬಲೆ, ಮೊನ್ನೆ ತಾನೆ..."

"ಹುಡುಗ ಒಳಗೆ ಸಿಕ್ಕಾಕ್ಕೊಂಡಿದ್ರೆ? ಅವರ ತಾಯಿ ಕೂತಿದಾರೆ ಇಲ್ಲಿ. ಕುಯ್ರಿ."

ಸರೋಜಮ್ಮ ಡಬ್ಬಿಯ ಮುಚ್ಚಳ ಹಾಕಿ ಕುರ್ಚಿಯನ್ನು ತುಸು ಮುಂದಕ್ಕೆ ಎಳೆದುಕೊಂಡಳು. ಪ್ರಸನ್ನ ಕುಮಾರ ತನ್ನ ತೆಪ್ಪದಲ್ಲಿ ಹೋಗಿ ತನ್ನ ಕುಡುಗೋಲಿನಿಂದ ತನ್ನ ಬಲೆಯನ್ನು ಕೊಯ್ದ. ಮೀನುಗಳು ಹೋದವು. ಆಮೇಲೆ ಮಧ್ಯಾಹ್ನವೆಲ್ಲ ಬಿಸಿಲಿನಲ್ಲಿ ಪಾತಾಳಗರಡಿ ಎಳೆದ. ಒಂದು ಬಸ್ಸಿನ ಟೈರು, ಯಾರದೋ ಗಣಪತಿಯ ಕಬ್ಬಿಣದ ಚೌಕಟ್ಟು, ತಳ ತೂತಾದ ಒಂದು ತಪ್ಪಲೆ ಸಿಕ್ಕವು. ಪ್ರತಿ ಸಲ ಹಗ್ಗ ಭಾರವಾದಾಗ ಅವನ ಮುಖ ಬಿಳಿಚಿಕೊಳ್ಳುವುದು ಏರಿಯವರೆಗೂ ಕಾಣುತ್ತಿತ್ತು. ಸರೋಜಮ್ಮ ಒಂದು ಸಲವೂ ಕಣ್ಣು ಬೇರೆ ಕಡೆ ತಿರುಗಿಸಲಿಲ್ಲ.

ಸಂಜೆ ಅಡವಯ್ಯನ ಕೈಯಲ್ಲಿದ್ದ ಬೋಟಿಂಗಿನ ಫೋನು ಹೊಡೆದುಕೊಂಡಿತು. ತುಮಕೂರಿನ ಒಬ್ಬ ಫೋಟೊಗ್ರಾಫರ್. ಬೆಳಿಗ್ಗೆ ಜೋಡಿಯ ಫೋಟೊ ತೆಗೆಯಲು ಬಂದಿದ್ದೆವು, ಹುಡುಗನ ಕೂಲಿಂಗ್ ಗ್ಲಾಸ್ ನಿಮ್ಮಲ್ಲೇ ಉಳಿಯಿತೇ ಎಂದು ಕೇಳಿದ. ಪ್ರಭುದೇವ್ ಫೋನು ಕಿತ್ತುಕೊಂಡರು. ಜಾಕೆಟ್ಟಾ ಸಾರ್? ತೊಟ್ಟರೆ ಹುಡುಗ ದಪ್ಪ ಕಾಣುತ್ತಾನೆ ಅಂತ ನೀರಿಗೆ ಎಸೆದ. ಎಸೆಯುವ ಶಾಟೇ ಚೆನ್ನಾಗಿ ಬಂತು. ದೋಣಿ ಕಟ್ಟಲಿಲ್ಲ, ಕೋಡಿ ಕಡೆ ಹಾಗೇ ಬಿಟ್ಟು ಕಾರು ಹತ್ತಿದೆವು. ಗಾಳಿಗೆ ಮಗುಚಿರಬೇಕು. ಎಲ್ಲ ಆರಾಮಾಗಿದ್ದಾರೆ.

ಪ್ರಭುದೇವ್ ಟೋಪಿ ತೆಗೆದು ತಲೆ ಒರೆಸಿಕೊಂಡರು. ಮುಖದಲ್ಲಿ ದಿನದ ಮೊದಲ ನಗೆ ಬಂತು. ಸರೋಜಮ್ಮನ ಮುಂದೆ ಬಂದು ಬಗ್ಗಿದರು.

"ಅಮ್ಮ, ನೀರಿಗೆ ಯಾರೂ ಬಿದ್ದಿಲ್ಲ. ಹೆದರ್ಬೇಡಿ. ನಿಮ್ಮ ಮಗ ಎಲ್ಲೋ ಸುಖವಾಗಿದಾನೆ. ಒಂದು ಫೋಟೊ ಕೊಡಿ, ನಾನೇ ಹುಡುಕಿಸ್ತೀನಿ."

ಸರೋಜಮ್ಮ ಬ್ಯಾಗಿನಿಂದ ಫೋನು ತೆಗೆದು ಒಂದು ವಿಡಿಯೋ ಹಾಕಿದಳು. ಐದು ವರ್ಷದ ಹಿಂದೆ ಏರಿಯ ಮೇಲಿದ್ದ ಯಾರೋ ತೆಗೆದು ವಾಟ್ಸಾಪಿನಲ್ಲಿ ಹಂಚಿದ್ದು, ಊರೂರು ಸುತ್ತಿ ಕೊನೆಗೆ ಆಕೆಗೇ ಬಂದಿತ್ತು. ಕೆಳಗೆ ಯಾರೋ ಕೈಮುಗಿಯುವ ಚಿತ್ರ ಹಾಕಿದ್ದರು.

"ಇದು ಇದೇ ಏರಿ. ಇದು ತೆಪ್ಪ. ತೆಪ್ಪದ ಮೇಲೆ ಕೂತಿರೋದು ಇವರು," ಎಂದು ಆಗಷ್ಟೇ ದಡ ಹತ್ತಿದ ಪ್ರಸನ್ನ ಕುಮಾರನ ಕಡೆ ಕೈ ತೋರಿಸಿದಳು.

"ನಿಮ್ಮ ಮಗ ಎಲ್ಲಿ?"

"ಕಾಣಲ್ಲ. ನೀರೊಳಗಿದಾನೆ."

ವಿಡಿಯೋದೊಳಗಿನ ಪ್ರಸನ್ನ ಕುಮಾರ ಸ್ಪಷ್ಟವಾಗಿ ಹೇಳಿದ: ಬಲೆ ಬಿಟ್ಟೈತೆ ಕಣ್ಲಾ, ತೆಪ್ಪ ಹೋದ್ರೆ ಹರೀತದೆ, ಫೈರಿನೋರು ಬರ್ಲಿ ಬುಡು. ಹೊರಗಿನ ಪ್ರಸನ್ನ ಕುಮಾರ ಒದ್ದೆ ಬಟ್ಟೆಯಲ್ಲಿ ನಿಂತು ಕೇಳಿಸಿಕೊಂಡ. ಜನ ಕುರ್ಚಿಯ ಸುತ್ತ ಮುತ್ತಿಕೊಂಡು ಫೋನಿನೊಳಗೆ ಬಗ್ಗಿದರು. ಅಡವಯ್ಯ ಎಲ್ಲರ ನಡುವೆ ತಲೆ ತೂರಿಸಿದ.

"ಲೇ, ನೀಲಿ ಟವಲ್ಲು ನಾನೇ ಕಣ್ಲಾ."

"ಹೂಂ ಕಣ್ಲಾ. ಮೀಸೆ ಆಗ ಎಷ್ಟ್ ಕರ್ರಗಿತ್ತು ನೋಡು ನಿಂಗೆ."

"ಹಿಂದಕ್ಕೆ ಹಾಕಮ್ಮ ಒಂಚೂರು, ನಾನೂ ಇದ್ದೆ ಅವತ್ತು."

ಸರೋಜಮ್ಮ ಹಿಂದಕ್ಕೆ ಹಾಕಿ ತೋರಿಸಿದಳು.

ಪ್ರಭುದೇವ್ ಅವರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಮರ್ಯಾದೆ ಕಡಿಮೆಯಾಯಿತು. "ಇದನ್ನ ಬೆಳಿಗ್ಗೆನೇ ಹೇಳಬಹುದಿತ್ತಲ್ಲ? ಇಷ್ಟು ಜನರನ್ನ ಕುಣಿಸಿದ್ರಲ್ಲ?"

"ಮನೇಲಿದಾನಾ ಅಂತ ಕೇಳಿದ್ರಿ. ಬದುಕಿದಾನಾ ಅಂತ ಕೇಳ್ಲಿಲ್ಲ."

ಇದಕ್ಕೆ ಯಾವ ಸೆಕ್ಷನ್ ಹಾಕಬಹುದೆಂದು ಅವರು ಮನಸ್ಸಿನಲ್ಲೇ ಹುಡುಕಿದರು. ಸಿಗಲಿಲ್ಲ. ಐದು ವರ್ಷದ ಹಿಂದೆ ತೆಪ್ಪದ ಮೇಲೆ ಕುಳಿತಿದ್ದಕ್ಕೂ ಸಿಗಲಿಲ್ಲ. ಜಾಕೆಟ್ಟಿಗೆಲ್ಲ ಬೇರೆ ಬೇರೆ ನಂಬರ್ ಹಾಕಿಸಿ ಎಂದು ಪ್ರಸನ್ನ ಕುಮಾರನಿಗೆ ಬೈದು ಜೀಪು ಹತ್ತಿದರು. ಸರೋಜಮ್ಮ ಸಿರಾ ಬಸ್ಸು ಹತ್ತಿದಳು. ಬಹಳ ದಿನಗಳ ಮೇಲೆ ಆ ರಾತ್ರಿ ಆಕೆಗೆ ಒಳ್ಳೆಯ ನಿದ್ದೆ ಬಂತೆಂದು ರೇಣುಕಯ್ಯ ಹೇಳುತ್ತಾರೆ.

ಕತೆ ಇಲ್ಲಿಗೆ ನಿಂತಿದ್ದರೆ ಗೆದ್ದವಳು ಸರೋಜಮ್ಮ. ಆದರೆ ಕಳ್ಳಂಬೆಳ್ಳದಲ್ಲಿ ಮರುದಿನ ಬೆಳಗಾಯಿತು. ಪ್ರಸನ್ನ ಕುಮಾರ ಕಾಫಿಗೆಂದು ಹೋಟೆಲಿಗೆ ಹೋದಾಗ ಮೂಲೆಯಿಂದ ಒಬ್ಬ ಕೇಳಿದ:

"ಏನಪ್ಪ, ಸಿಕ್ಕಿದ್ನಾ ಗೌರೀಶ?"

ಎಲ್ಲರೂ ನಕ್ಕರು. ಮಾರನೆಯ ದಿನ ಪ್ರಶ್ನೆ ಚಿಕ್ಕದಾಯಿತು: "ಏನ್ ಗೌರೀಶ?" ಅದರ ಮಾರನೆಯ ದಿನ ಅದು ಪ್ರಶ್ನೆಯಾಗಿ ಉಳಿಯಲಿಲ್ಲ. ಊರಿನಲ್ಲಿ ಒಬ್ಬನಿಗೆ ಅಡ್ಡಹೆಸರು ಬೀಳುವುದು ಹೀಗೆಯೇ. ಮೊದಮೊದಲು ಅವನು ಕಲ್ಲು ಎತ್ತಿಕೊಂಡು ಓಡಿಸಿದ, ಆಮೇಲೆ ಬೈದ, ಆಮೇಲೆ ಕೇಳಿಸದವನಂತೆ ನಡೆದ. ಕೊನೆಗೊಂದು ದಿನ ಓಗೊಟ್ಟ. ಅಲ್ಲಿಗೆ ಮುಗಿಯಿತು. ಈಗ ಬೋಟಿಂಗಿಗೆ ಬರುವವರೂ "ಗೌರೀಶಣ್ಣ, ಎರಡು ದೋಣಿ" ಎನ್ನುತ್ತಾರೆ. ಜಾಕೆಟ್ಟಿನ ಮೇಲೂ ಅದೇ ಹೆಸರಿದೆ, ಮಾಲೀಕನದೇ ಇರಬೇಕೆಂದು ತಿಳಿಯುತ್ತಾರೆ.

ಆ ಹೆಸರು ಅವನನ್ನು ಬಿಡಬಾರದು ಎಂದು ಸರೋಜಮ್ಮ ಬಯಸಿದ್ದಳು. ಬಿಡಲಿಲ್ಲ.

ಆಕೆಗೆ ಇದು ಗೊತ್ತಾದದ್ದು ಸಿರಾ ಬಸ್‌ಸ್ಟ್ಯಾಂಡಿನಲ್ಲಿ. ನೆಂಟರ ಮನೆಯ ನಿಶ್ಚಿತಾರ್ಥ ಮುಗಿಸಿ ಮಧುಗಿರಿ ಬಸ್ಸಿಗೆ ನಿಂತಿದ್ದಳು. ಹಿಂದಿನಿಂದ ಯಾರೋ ಗಟ್ಟಿಯಾಗಿ ಕೂಗಿದರು, "ಲೇ ಗೌರೀಶ." ಐದು ವರ್ಷದಿಂದ ಆ ಹೆಸರನ್ನು ಆಕೆ ಪಿಸುಮಾತಿನಲ್ಲಿ, ಪೂಜೆಯಲ್ಲಿ, ಅಯ್ಯೋ ಪಾಪದ ಜೊತೆ ಕೇಳಿದ್ದಳೇ ಹೊರತು ಹೀಗೆ ಬೀದಿಯಲ್ಲಿ, ಓಡಿ ಬರಬಲ್ಲ ಹುಡುಗನನ್ನು ಕೂಗುವಂತೆ ಕೇಳಿರಲಿಲ್ಲ. ಮನಸ್ಸು ತಡೆಯುವ ಮೊದಲೇ ಮೈ ತಿರುಗಿತು. ಮುಖದ ತುಂಬ ಅದೇನೋ ತುಂಬಿಕೊಂಡು ತಿರುಗಿತು. ಪಕ್ಕದಲ್ಲೇ ಆಕೆಯಂತೆ ತಿರುಗಿ ನಿಂತಿದ್ದವನು ಪ್ರಸನ್ನ ಕುಮಾರ. "ಬಂದೆ ತಡೀಲಾ," ಎನ್ನುತ್ತಿದ್ದ ಅವನ ಬಾಯಿ ಆಕೆಯನ್ನು ಕಂಡು ಅರ್ಧಕ್ಕೆ ನಿಂತಿತು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಕೂಗಿದವನು ಇನ್ನೊಮ್ಮೆ ಕೂಗಿದ. ಸರೋಜಮ್ಮ ತಲೆ ತಗ್ಗಿಸಿ ಬಸ್ಸು ಹತ್ತಿ, ಇಳಿಯುವವರೆಗೂ ಸೆರಗಿನ ಅಂಚನ್ನು ನೆಟ್ಟಗೆ ಮಾಡುತ್ತಲೇ ಇದ್ದಳು.

ಕಾರ್ತಿಕದಲ್ಲಿ ಪ್ರಸನ್ನ ಕುಮಾರನ ಹೊಸ ಮನೆಯ ಗೃಹಪ್ರವೇಶ. ಕಳ್ಳಂಬೆಳ್ಳದಿಂದ ಮೂವರು ಹುಡುಗರು ರೇಣುಕಯ್ಯನವರ ಅಂಗಡಿಗೆ ಬಂದರು. ಅಂಗಡಿ ಯಾರದೆಂದು ಅವರಿಗೆ ಗೊತ್ತಿರಲಿಲ್ಲ. ದೊಡ್ಡದೊಂದು ಸ್ಟೀಲಿನ ಹಂಡೆ ಆರಿಸಿದರು.

"ಯಾರ ಹೆಸರು ಹಾಕ್ಬೇಕಪ್ಪ? ಮೂವರದ್ದೂ?" ಎಂದರು ರೇಣುಕಯ್ಯ.

"ನಮ್ಮದು ಬ್ಯಾಡ ಯಜಮಾನ್ರೆ. ಅವ್ನ ಹೆಸ್ರೇ ಹಾಕಿ. ಬೋಟ್ ಗೌರೀಶ, ಕಳ್ಳಂಬೆಳ್ಳ," ಎಂದು ಒಬ್ಬ ಹೇಳಿದ. ಉಳಿದಿಬ್ಬರು ಆಗಲೇ ನಗುತ್ತಿದ್ದರು. "ದೊಡ್ಡಕೆ ಹಾಕಿ. ಸ್ನಾನ ಮಾಡೋವಾಗೆಲ್ಲ ಓದ್ಕೊಳ್ಲಿ."

ರೇಣುಕಯ್ಯ ಹಂಡೆಯನ್ನು ಹಿಂದಕ್ಕೆ ಎಳೆದುಕೊಂಡರು. "ಮಿಷನ್ ಕೆಟ್ಟಿದೆ. ಬೇರೆ ಅಂಗಡಿ ನೋಡ್ಕೊಳ್ರಪ್ಪ."

"ಕೆಟ್ಟಿಲ್ಲ," ಎಂದಳು ಒಳಗಿನಿಂದ ಬಂದ ಸರೋಜಮ್ಮ. "ಕೊಡಿ ಇಲ್ಲಿ."

ಮಣೆಯ ಮೇಲೆ ಕುಳಿತು ಹಂಡೆಯನ್ನು ಮಡಿಲಿಗೆ ಒರಗಿಸಿಕೊಂಡಳು. ಅಂಚನ್ನು ಬಟ್ಟೆಯಿಂದ ಒರೆಸಿದಳು. ತಲೆಯೆತ್ತದೆ ಕೇಳಿದಳು:

"ಹೆಸರಿಗೆ ಮುಂಚೆ ದಿವಂಗತ ಅಂತ ಹಾಕ್ಬೇಕಾ?"

ಹುಡುಗರು ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು. ಇಂಥ ಮಾತನ್ನು ಅವರು ಇಂಥ ಹೆಂಗಸಿನಿಂದ ನಿರೀಕ್ಷಿಸಿರಲಿಲ್ಲ.

"ಇನ್ನೂ ಬದುಕವ್ನೆ ಕಣಮ್ಮ."

"ಇರ್ಲಿ," ಎಂದಳು ಸರೋಜಮ್ಮ. "ಜಾಗ ಬಿಟ್ಟಿರ್ತೀನಿ."

ಎರಡು ಬೆರಳಿನಗಲ ಅಳೆದು ಅಷ್ಟನ್ನು ಖಾಲಿ ಬಿಟ್ಟು, ಅಲ್ಲಿಂದ ಮುಂದಕ್ಕೆ ಮಿಷನ್ ಇಟ್ಟಳು.